ಹೊಸ ಸೇವಾಸಂಸ್ಥೆಗೆ ಮೊದಲ ಹಣ ಎಲ್ಲಿಂದ?

ನಮ್ಮ ಕರಾವಳಿಯ ಧರ್ಮಕೇಂದ್ರವೊಂದರಲ್ಲಿ ಕಳೆದ ಮಳೆಗಾಲದ ಒಂದು ರವಿವಾರ, ಬಲಿಪೂಜೆಯ ಬಳಿಕ ಒಂಬತ್ತು ಮಂದಿ ಸಭಾಭವನದ ಮೂಲೆಯಲ್ಲಿ ಕುಳಿತು ಒಂದು ಸಂಕಲ್ಪ ಮಾಡಿದರು. ಕುವೈತಿನ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದ ದಾದಿಯೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಇಬ್ಬರು ಶಿಕ್ಷಕಿಯರು, ಒಬ್ಬ ಯುವ ವಕೀಲರು, ಉಳಿದವರು ಕೃಷಿಕರು. ಮಕ್ಕಳೆಲ್ಲ ಪರದೇಶ ಸೇರಿರುವಾಗ ದೊಡ್ಡ ಮನೆಯಲ್ಲಿ ಒಂಟಿಯಾಗಿ ಹಾಸಿಗೆ ಹಿಡಿದಿರುವ ವೃದ್ಧರ ಮನೆಗೇ ಹೋಗಿ ಶುಶ್ರೂಷೆ ಮಾಡಬೇಕು, ಗಾಲಿಕುರ್ಚಿ ನೀರಹಾಸಿಗೆಗಳನ್ನು ಎರವಲು ಕೊಡಬೇಕು, ಜಾತಿಮತ ವಿಚಾರಿಸಬಾರದು ಎಂಬುದು ಅವರ ಉದ್ದೇಶ. ಸಂಸ್ಥೆಯ ಹೆಸರು ಅರ್ಧ ಗಂಟೆಯಲ್ಲಿ ನಿಶ್ಚಯವಾಯಿತು. ಹಣದ ಪ್ರಶ್ನೆ ಮಾತ್ರ ಮೂರು ತಿಂಗಳಾದರೂ ಬಗೆಹರಿಯಲಿಲ್ಲ.

ಅವರು ನಮ್ಮಲ್ಲಿಗೂ ಬಂದಿದ್ದರು. ಅಷ್ಟರಲ್ಲಿ ಅವರಿಗೆ ಹಲವರಿಂದ ಮೂರು ಬಗೆಯ ಸಲಹೆಗಳು ದೊರೆತಿದ್ದವು. "ಜರ್ಮನಿಗೆ ಒಂದು ಕಾಗದ ಬರೆಯಿರಿ" ಎಂದಿದ್ದರು ಹಿರಿಯರು. "ಕಂಪೆನಿಗಳ ಸಿ.ಎಸ್.ಆರ್. ಹಣ ಇದೆಯಲ್ಲ" ಎಂದಿದ್ದರು ಕಿರಿಯರು. "ಗಲ್ಫಿನವರು ಇರುವಾಗ ಚಿಂತೆ ಏಕೆ?" ಎಂದವರೇ ಅಧಿಕ. ಈ ಮೂರು ಮಾತುಗಳಲ್ಲಿ ಇಂದು ಸತ್ಯವೆಷ್ಟು ಎಂಬುದನ್ನು ಪರಿಶೀಲಿಸುವುದು ಅಗತ್ಯವೆಂದು ನಮಗೆ ತೋರುತ್ತದೆ. ಏಕೆಂದರೆ ಇಂತಹ ಸಂಕಲ್ಪಗಳು ಅನೇಕ ಧರ್ಮಕೇಂದ್ರಗಳಲ್ಲಿ ಮೊಳೆಯುತ್ತಿವೆ, ಹಣದ ಬಗೆಗಿನ ತಪ್ಪು ಕಲ್ಪನೆಯಿಂದಲೇ ಬಾಡುತ್ತಿವೆ.

ಜರ್ಮನಿಯ ಮಾತು ಬರಿಯ ಕಟ್ಟುಕಥೆಯೇನಲ್ಲ. 1958ರಲ್ಲಿ ಆ ದೇಶದ ಧರ್ಮಾಧ್ಯಕ್ಷರು ಸ್ಥಾಪಿಸಿದ 'ಮಿಸೆರಿಯೋರ್' ಸಂಸ್ಥೆಯೇ ಮೊದಲಾದವುಗಳ ನೆರವಿನಿಂದ ನಮ್ಮ ದೇಶದಲ್ಲಿ ಬಾವಿಗಳು ತೋಡಲ್ಪಟ್ಟವು, ಚಿಕಿತ್ಸಾಲಯಗಳು ಎದ್ದವು. ಆದರೆ ಆ ಹಣ ಯಾರದು ಎಂದು ನಾವು ಎಂದಾದರೂ ಕೇಳಿಕೊಂಡಿದ್ದೇವೆಯೇ? ಅದು ಮುಖ್ಯವಾಗಿ ತಪಸ್ಸು ಕಾಲದಲ್ಲಿ ಇಗರ್ಜಿಗಳಲ್ಲಿ ಸಂಗ್ರಹವಾದ ಕಾಣಿಕೆ. ಎರಡನೆಯ ಮಹಾಯುದ್ಧ ಮುಗಿದು ಹದಿಮೂರೇ ವರ್ಷವಾಗಿದ್ದ ನಾಡಿನ ಸಾಮಾನ್ಯ ಕುಟುಂಬಗಳು ತಮ್ಮ ಊಟದಲ್ಲಿ ಉಳಿಸಿ ಕೊಟ್ಟದ್ದು. 'ಫಾರಿನ್ ಹಣ' ಎಂದು ನಾವು ಕರೆದುದು ಯಾರೋ ಕೃಷಿಕನ, ಯಾರೋ ಕಾರ್ಮಿಕನ ಹಣವಾಗಿತ್ತು.

ಇಂದು ಆ ಬಾಗಿಲಿಗೆ ಕಾನೂನಿನ ಅಗಳಿ ಬಿದ್ದಿದೆ. 1976ರಲ್ಲಿ ಮೊದಲು ಜಾರಿಗೆ ಬಂದು 2010ರಲ್ಲಿ ಹೊಸ ರೂಪ ತಾಳಿದ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ, ಅಂದರೆ ಎಫ್.ಸಿ.ಆರ್.ಎ., 2020ರ ತಿದ್ದುಪಡಿಯಿಂದ ಬಹಳ ಬಿಗಿಯಾಯಿತು. ನೋಂದಣಿ ಬಯಸುವ ಸಂಸ್ಥೆ ಕನಿಷ್ಠ ಮೂರು ವರ್ಷ ಕೆಲಸ ಮಾಡಿರಬೇಕು. ಆ ಮೂರು ಹಣಕಾಸು ವರ್ಷಗಳಲ್ಲಿ ಆಡಳಿತ ವೆಚ್ಚ ಬಿಟ್ಟು ಮೂಲ ಉದ್ದೇಶಗಳಿಗಾಗಿಯೇ ಒಟ್ಟು 15 ಲಕ್ಷ ರೂಪಾಯಿಗಳನ್ನಾದರೂ ವ್ಯಯಿಸಿರಬೇಕು. ವಿದೇಶಿ ಹಣ ಹೊಸದಿಲ್ಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಮದರ್ ತೆರೇಸಾರ ಮಿಷನರೀಸ್ ಆಫ್ ಚಾರಿಟಿಯಂತಹ ಸಂಸ್ಥೆಗೇ 2021ರ ಕ್ರಿಸ್ಮಸ್ ದಿನದಂದು ನವೀಕರಣ ನಿರಾಕರಿಸಲ್ಪಟ್ಟು, ಮುಂದಿನ ಜನವರಿಯಲ್ಲಿ ಅದು ಪುನಃ ದೊರೆತದ್ದು ಓದುಗರಿಗೆ ನೆನಪಿರಬಹುದು.

ಲೆಕ್ಕ ಕೇಳುವುದು ಸರಕಾರದ ಹಕ್ಕು. ಲೆಕ್ಕ ಕೊಡುವುದು ನಮ್ಮ ಕರ್ತವ್ಯ. ಈ ಬಗ್ಗೆ ನಮ್ಮ ತಕರಾರಿಲ್ಲ. ಆದರೆ 2020ರ ತಿದ್ದುಪಡಿಯಲ್ಲಿ ಹೆಚ್ಚು ಚರ್ಚೆಗೆ ಬಾರದ ಒಂದು ನಿಯಮವೇ ಹೊಸ ಸಂಸ್ಥೆಗಳಿಗೆ ದೊಡ್ಡ ಪೆಟ್ಟು ಎಂಬುದು ನಮ್ಮ ಅಭಿಪ್ರಾಯ. ಹಿಂದೆ ನೋಂದಣಿ ಪಡೆದ ದೊಡ್ಡ ಸಂಸ್ಥೆಯೊಂದು ವಿದೇಶಿ ನೆರವನ್ನು ಸ್ವೀಕರಿಸಿ, ಹಳ್ಳಿಯ ನೋಂದಾಯಿತ ಸಣ್ಣ ಸಂಸ್ಥೆಗಳಿಗೆ ಹಂಚುತ್ತಿತ್ತು. ಅರ್ಜಿ ಬರೆಯುವ ಇಂಗ್ಲಿಷ್ ದೊಡ್ಡವರದು, ಬಿಸಿಲಲ್ಲಿ ನಡೆಯುವ ಕಾಲು ಸಣ್ಣವರದು ಎಂಬಂತಿತ್ತು. ತಿದ್ದುಪಡಿಯ ಬಳಿಕ ಪಡೆದ ವಿದೇಶಿ ದೇಣಿಗೆಯನ್ನು ಬೇರಾವ ಸಂಸ್ಥೆಗೂ ವರ್ಗಾಯಿಸುವಂತಿಲ್ಲ. ಹೊಸಬರಿಗೆ ಉಳಿದದ್ದು 'ಪೂರ್ವಾನುಮತಿ'ಯ ದಾರಿ ಒಂದೇ: ಇಂಥ ದಾನಿ, ಇಷ್ಟು ಮೊತ್ತ, ಇಂಥ ಕೆಲಸ ಎಂದು ದಾನಿಯ ಒಪ್ಪಿಗೆಪತ್ರ ಸಹಿತ ಕೇಂದ್ರ ಗೃಹ ಸಚಿವಾಲಯಕ್ಕೆ ಅರ್ಜಿ ಹಾಕಿ ಕಾಯುವುದು. ಗುರುತು ಪರಿಚಯವಿಲ್ಲದ ಒಂಬತ್ತು ಮಂದಿಗೆ ಅಂತಹ ಪತ್ರ ಬರೆದುಕೊಡುವ ದಾನಿ ಎಲ್ಲಿ ಸಿಕ್ಕಾನು?

ಗಲ್ಫಿನ ವಿಷಯ ಬೇರೆ. ಇಲ್ಲಿ ನಮ್ಮ ಜನರಲ್ಲಿರುವ ಗೊಂದಲ ಅಪಾಯಕಾರಿ. ಭಾರತದ ಪಾಸ್‌ಪೋರ್ಟ್ ಉಳ್ಳವರು, ಅವರು ದುಬಾಯಿಯಲ್ಲಿರಲಿ ದೋಹಾದಲ್ಲಿರಲಿ, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ದೇಣಿಗೆ ವಿದೇಶಿ ದೇಣಿಗೆ ಎನಿಸುವುದಿಲ್ಲ. ಹೊಸ ಸಂಸ್ಥೆಯೂ ಅದನ್ನು ಧಾರಾಳವಾಗಿ ಸ್ವೀಕರಿಸಬಹುದು. ಆದರೆ ಅದೇ ಮನೆಯ ಇನ್ನೊಬ್ಬ ಮಗ ಕೆನಡಾದ ಪೌರತ್ವ ಪಡೆದಿದ್ದರೆ, ಅವನು ಕೊಟ್ಟದ್ದು ವಿದೇಶಿ ದೇಣಿಗೆಯೇ ಸರಿ. ಅವನಲ್ಲಿ ಓ.ಸಿ.ಐ. ಕಾರ್ಡ್ ಇದ್ದರೂ ಅಷ್ಟೇ. ರಜೆಗೆ ಊರಿಗೆ ಬಂದಾಗ ರೂಪಾಯಿಯಲ್ಲೇ ಕೊಟ್ಟರೂ ಅಷ್ಟೇ. ಮೊಂತಿ ಫೆಸ್ತಿಗೆ ಊಟಕ್ಕೆ ಕುಳಿತ ಅಣ್ಣತಮ್ಮಂದಿರಲ್ಲಿ ಒಬ್ಬನ ಐದು ಸಾವಿರ ಕಾನೂನುಬದ್ಧ, ಮತ್ತೊಬ್ಬನದು ಅಪರಾಧ! ವಿಚಿತ್ರವೆನಿಸಿದರೂ ಕಾಯಿದೆ ಹಾಗಿದೆ. ಆದುದರಿಂದ ದೇಣಿಗೆ ಸ್ವೀಕರಿಸುವ ಮೊದಲು ಪೌರತ್ವ ಯಾವುದೆಂದು ಕೇಳಲು ಸಂಕೋಚಪಡಬಾರದು. ಅದರ ದಾಖಲೆಯನ್ನೂ ಇಟ್ಟುಕೊಳ್ಳಬೇಕು.

ಕಂಪೆನಿಗಳ ಹಣದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. 2013ರ ಕಂಪೆನಿ ಕಾಯಿದೆ, ನಿಗದಿತ ಗಾತ್ರದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕೆಂದು ವಿಧಿಸಿದೆ. ಮೊತ್ತ ದೊಡ್ಡದು, ನಿಜ. ಆದರೆ 2021ರ ನಿಯಮಗಳ ಪ್ರಕಾರ, ಕಂಪೆನಿ ತಾನೇ ಸ್ಥಾಪಿಸದ ಹೊರಗಿನ ಸಂಸ್ಥೆಗೆ ಕೆಲಸ ಒಪ್ಪಿಸಬೇಕಾದರೆ ಆ ಸಂಸ್ಥೆಗೆ ಅಂತಹುದೇ ಕಾರ್ಯದಲ್ಲಿ ಮೂರು ವರ್ಷಗಳ ಅನುಭವವಿರಬೇಕು. ಮತ್ತೆ ಅದೇ ಮೂರು ವರ್ಷ! ಈಚೆಗೆ ಶೇರುಪೇಟೆಯಲ್ಲಿ ಸೇವಾಸಂಸ್ಥೆಗಳಿಗೂ ಒಂದು ವಿಭಾಗ ತೆರೆದಿದೆ. ಬೆಂಗಳೂರಿನ ಉನ್ನತಿ ಪ್ರತಿಷ್ಠಾನ 2023ರ ಡಿಸೆಂಬರಿನಲ್ಲಿ ಅದರ ಮೂಲಕ 1.8 ಕೋಟಿ ರೂಪಾಯಿ ಸಂಗ್ರಹಿಸಿ ಮೊದಲನೆಯದೆನಿಸಿತು. ಅದು ಬಲಿತವರ ದಾರಿ, ಎಳೆಯರದಲ್ಲ.

ಹೀಗೆ ಎಲ್ಲ ದೊಡ್ಡ ಬಾಗಿಲುಗಳ ಮುಂದೆಯೂ ಮೂರು ವರ್ಷಗಳ ಹೊಸ್ತಿಲಿದೆ. ಕೂಸು ನಡೆಯಲು ಕಲಿತ ಮೇಲೆ ಕೈಹಿಡಿಯುತ್ತೇವೆ ಎನ್ನುವವರೇ ಎಲ್ಲರೂ. ಆ ಮೂರು ವರ್ಷ ಅದನ್ನು ಎತ್ತಿಕೊಳ್ಳುವವರು ಯಾರು? ನೆರೆಹೊರೆಯ ಕುಟುಂಬಗಳಲ್ಲದೆ ಬೇರೆ ಯಾರೂ ಇಲ್ಲ ಎಂಬುದೇ ಈ ಪರಿಶೀಲನೆಯಿಂದ ನಮಗೆ ಹೊಳೆದ ಸಂಗತಿ.

ಕುಟುಂಬಗಳಿಂದ ಹಣ ಪಡೆಯಬೇಕಾದರೆ ತೆರಿಗೆ ವಿನಾಯಿತಿ ಇರಲೇಬೇಕು ಎಂಬ ನಂಬಿಕೆಯಿದೆ. ಹೊಸ ಸಂಸ್ಥೆಗೆ ಮೂರು ವರ್ಷಗಳ ತಾತ್ಕಾಲಿಕ ನೋಂದಣಿ ನೀಡುವ ವ್ಯವಸ್ಥೆ 2021ರಿಂದ ಬಂದಿದೆ. ಜನರ ಬಾಯಲ್ಲಿ '80 ಜಿ' ಎಂದು ಹೆಸರಾದ ಸೌಲಭ್ಯವನ್ನು ಆರಂಭದಲ್ಲೇ ಪಡೆಯಬಹುದು, ಪಡೆಯಬೇಕು. ಆದರೆ ಅದರ ಆಕರ್ಷಣೆ ಕುಗ್ಗಿದೆ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಎಲ್ಲರಿಗೂ ತಾನಾಗಿ ಅನ್ವಯಿಸುತ್ತದೆ, ಅದರಲ್ಲಿ ಇಂತಹ ದೇಣಿಗೆಗೆ ಕಡಿತವಿಲ್ಲ. ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ಲಾಭ, ಅದೂ 2,000 ರೂಪಾಯಿ ಮೀರಿದ ನಗದಿಗೆ ಸಿಗದು. ತೆರಿಗೆ ಉಳಿಯುತ್ತದೆ ಎಂದು ಹೇಳಿ ಹಣ ಕೇಳುವ ಕಾಲ ಬಹುಮಟ್ಟಿಗೆ ಮುಗಿಯಿತು. ವಿಶ್ವಾಸವನ್ನೇ ಮುಂದಿಟ್ಟು ಕೇಳಬೇಕು. ಇದರಿಂದ ನಷ್ಟವಾಯಿತೆಂದು ನಾವು ಭಾವಿಸುವುದಿಲ್ಲ.

ಇನ್ನೊಂದು ಮಾತು. ಹೆಸರು ಹೇಳದೆ ಕೊಡುವುದೇ ಶ್ರೇಷ್ಠ ದಾನವೆಂದು ನಾವು ಬಾಲ್ಯದಿಂದ ಕಲಿತವರು. ಇಗರ್ಜಿಯ ಪೆಟ್ಟಿಗೆಗೆ ಅದು ಸಲ್ಲುತ್ತದೆ. ಆದರೆ ಸೇವಾಸಂಸ್ಥೆಗೆ ಬರುವ ಅನಾಮಧೇಯ ದೇಣಿಗೆ, ಒಟ್ಟು ದೇಣಿಗೆಯ ಶೇ. 5 ಅಥವಾ 1 ಲಕ್ಷ ರೂಪಾಯಿ, ಇವೆರಡರಲ್ಲಿ ಹೆಚ್ಚಿನದನ್ನು ಮೀರಿದರೆ ಮೀರಿದ ಭಾಗಕ್ಕೆ ಶೇ. 30 ತೆರಿಗೆ ಬೀಳುತ್ತದೆ. ದಾನಿಯ ವಿನಯ ಮೆಚ್ಚತಕ್ಕದ್ದೇ. ರಶೀದಿ ಪುಸ್ತಕದಲ್ಲಿ ಮಾತ್ರ ಹೆಸರು, ವಿಳಾಸ, ಪಾನ್ ಸಂಖ್ಯೆ ಇರಲಿ.

ಕಠಿಣವಾದ ಪ್ರಶ್ನೆ ಇನ್ನೂ ಉಳಿದಿದೆ. ನಮ್ಮ ಸಮುದಾಯ ಕೊಡದ ಸಮುದಾಯವಲ್ಲ. ಇಗರ್ಜಿಯ ನವೀಕರಣಕ್ಕೆ, ಶತಮಾನೋತ್ಸವದ ಸಭಾಭವನಕ್ಕೆ, ಗಂಟೆಗೋಪುರಕ್ಕೆ ಲಕ್ಷಗಟ್ಟಲೆ ಹರಿದುಬರುತ್ತದೆ. ಕಲ್ಲಿನ ಮೇಲೆ ಹೆಸರೂ ಮೂಡುತ್ತದೆ. ನಾವು ಆರಂಭದಲ್ಲಿ ಹೇಳಿದ ಗುಂಪಿಗೂ ಮೊದಲ ತಿಂಗಳಲ್ಲೇ ಏಳು ಗಾಲಿಕುರ್ಚಿ ಕೊಡಲು ದಾನಿಗಳು ಮುಂದೆ ಬಂದರು. ಅವರಿಗೆ ಬೇಕಿದ್ದುದು ಮೂರು. ದಾದಿಯ ಸಂಬಳಕ್ಕೆ, ಆಕೆಯ ಸ್ಕೂಟರಿನ ಪೆಟ್ರೋಲಿಗೆ ಕೊಡುವವರು ಒಬ್ಬರೂ ಇರಲಿಲ್ಲ. "ಸೇವೆಗೆ ಸಂಬಳ ಏಕೆ?" ಎಂದು ಕೇಳಿದವರೂ ಉಂಟು. ಗಾಲಿಕುರ್ಚಿ ತಾನಾಗಿ ಹೋಗಿ ರೋಗಿಯ ಗಾಯಕ್ಕೆ ಪಟ್ಟಿ ಕಟ್ಟುವುದಿಲ್ಲ. ಹೊಸ ಸಂಸ್ಥೆಗಳು ಸಾಯುವುದು ಸಾಮಗ್ರಿಯ ಕೊರತೆಯಿಂದಲ್ಲ, ತಿಂಗಳ ಕೊನೆಯ ಸಂಬಳವಿಲ್ಲದೆ. ಯಾರನ್ನೂ ನೋಯಿಸುವ ಉದ್ದೇಶ ನಮ್ಮದಲ್ಲ. ಆದರೂ ಇದನ್ನು ಹೇಳದೆ ವಿಧಿಯಿಲ್ಲ.

ಹಿಂದಿನವರು ಹೇಗೆ ಮಾಡಿದರು? 1833ರಲ್ಲಿ ಪ್ಯಾರಿಸಿನಲ್ಲಿ ಇಪ್ಪತ್ತರ ಹರೆಯದ ವಿದ್ಯಾರ್ಥಿ ಫ್ರೆಡೆರಿಕ್ ಓಝಾನಮ್ ಮತ್ತು ಸಂಗಡಿಗರು ಇಂದಿನ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯನ್ನು ಆರಂಭಿಸಿದಾಗ ಅವರ ಬೆನ್ನಿಗೆ ಧನಿಕರಿರಲಿಲ್ಲ. ಸಭೆಯ ಕೊನೆಯಲ್ಲಿ ತಮ್ಮತಮ್ಮಲ್ಲೇ ಹಣ ಕೂಡಿಸುವ ಪದ್ಧತಿ ಇಂದಿಗೂ ಅವರ ಶಾಖೆಗಳಲ್ಲಿ ನಡೆದುಬಂದಿದೆ. ನಮ್ಮ ಮಂಗಳೂರಿನಲ್ಲೇ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು. ಜರ್ಮನಿಯಲ್ಲಿ ಹುಟ್ಟಿದವರಾದರೂ ಅವರು ಜರ್ಮನಿಯ ಕಾಗದಕ್ಕಾಗಿ ಕಾದು ಕುಳಿತವರಲ್ಲ. ಔಷಧಿಗಳನ್ನು ಅಂಚೆಯ ಮೂಲಕ ದೇಶದ ಮೂಲೆಮೂಲೆಗೆ ಮಾರಿ, ಬಂದ ಆದಾಯವನ್ನು ಕಂಕನಾಡಿಯ ಬಡ ರೋಗಿಗಳ ಆರೈಕೆಗೆ ಬಳಸಿದರು. ಇಂದಿನ ದೊಡ್ಡ ಆಸ್ಪತ್ರೆಯ ಬೇರು ಅಲ್ಲಿದೆ. ಕೊಳ್ಳಬಲ್ಲವರಿಂದ ಬೆಲೆ ಪಡೆದು ಕೊಳ್ಳಲಾರದವರಿಗೆ ಉಚಿತವಾಗಿ ಕೊಡುವ ಆ ಕ್ರಮ ಈ ದಾದಿಯ ಕೆಲಸಕ್ಕೂ ಒಪ್ಪೀತು: ಪರದೇಶದಲ್ಲಿ ಚೆನ್ನಾಗಿ ಸಂಪಾದಿಸುವ ಮಕ್ಕಳು ತಾಯಿಯ ಶುಶ್ರೂಷೆಗೆ ಹಣ ತೆರಲಿ, ಪಕ್ಕದ ಮನೆಯ ಬಡ ಅಜ್ಜಿಗೆ ಅದು ಉಚಿತವಾಗಲಿ ಎಂದು ನಾವು ಸೂಚಿಸಿದೆವು.

ನಿವೃತ್ತ ಬ್ಯಾಂಕ್ ಅಧಿಕಾರಿ ನಮ್ಮೆದುರೇ ಪೆನ್ಸಿಲ್ ಹಿಡಿದು ಒಂದು ಲೆಕ್ಕ ಮಾಡಿದರು. ತಿಂಗಳಿಗೆ 300 ರೂಪಾಯಿ ಕೊಡುವ 140 ಕುಟುಂಬಗಳು ಸಿಕ್ಕರೆ ತಿಂಗಳಿಗೆ 42,000 ರೂಪಾಯಿ; 36 ತಿಂಗಳಲ್ಲಿ 15,12,000. ಎಫ್.ಸಿ.ಆರ್.ಎ. ಕೇಳುವ 15 ಲಕ್ಷದ ಗಡಿ ಅದು! ಕಛೇರಿ ವೆಚ್ಚ ಸೇವಾವೆಚ್ಚದಲ್ಲಿ ಸೇರದಾದ್ದರಿಂದ ಇನ್ನೂ ಕೆಲವು ಕುಟುಂಬಗಳು ಬೇಕಾದಾವು. ದಿಲ್ಲಿಯ ನಿಯಮ ಅಜೇಯ ಪರ್ವತವೆಂದು ನಾವು ತಿಳಿದಿದ್ದೆವು; ಅದು ಒಂದು ಮಧ್ಯಮ ಗಾತ್ರದ ಧರ್ಮಕೇಂದ್ರದ ನಾಲ್ಕೈದು ವಾಳೆಗಳಷ್ಟು ಎತ್ತರ ಮಾತ್ರ. ಆ ಕಾಗದದ ಚೂರನ್ನು ವಕೀಲರು ಮಡಚಿ ಕಿಸೆಗೆ ಹಾಕಿಕೊಂಡರು.

ಟ್ರಸ್ಟ್ ಪತ್ರ ಉಪನೋಂದಣಿ ಕಛೇರಿಯಲ್ಲಿ ನೋಂದಾವಣೆಯಾಯಿತು, ತಾತ್ಕಾಲಿಕ ತೆರಿಗೆ ನೋಂದಣಿಯೂ ದೊರೆಯಿತು. ಒಂಬತ್ತು ಮಂದಿ ಮೊದಲು ತಮ್ಮ ಹೆಸರನ್ನೇ ಬರೆದು, ಬಳಿಕ ಗುರಿಕಾರರ ಜೊತೆ ಮನೆಮನೆಗೆ ನಡೆದರು. ಪ್ರತಿ ತಿಂಗಳ ಲೆಕ್ಕವನ್ನು, ಪೆಟ್ರೋಲಿನ ಚೀಟಿ ಸಹಿತ, ಸಭಾಭವನದ ಫಲಕಕ್ಕೆ ಹಚ್ಚುತ್ತಿದ್ದಾರೆ. ಇದನ್ನು ಬರೆಯುವ ಹೊತ್ತಿಗೆ ಪುಸ್ತಕದಲ್ಲಿ 53 ಕುಟುಂಬಗಳಿವೆ. ಹನ್ನೊಂದು ಅನ್ಯಧರ್ಮೀಯ ನೆರೆಯವರದು. ಅರ್ಧ ದಿನದ ಕೆಲಸಕ್ಕೆ ನೇಮಕವಾದ ದಾದಿಗೆ ಎರಡು ತಿಂಗಳ ಸಂಬಳ ಸಂದಿದೆ. ಹೆಚ್ಚಾದ ನಾಲ್ಕು ಗಾಲಿಕುರ್ಚಿಗಳು ಇನ್ನೂ ಸಭಾಭವನದ ಮೂಲೆಯಲ್ಲಿವೆ. ಅವನ್ನು ಹಿಂದಕ್ಕೆ ಒಯ್ದು ಆ ಮೊತ್ತವನ್ನು ಸಂಬಳಕ್ಕೆ ಕೊಡಬಹುದೇ ಎಂದು ದಾನಿಗಳಿಗೆ ಪತ್ರ ಹೋಗಿದೆ. ಒಬ್ಬರು ಒಪ್ಪಿದ್ದಾರೆ.