ನೆಲದಡಿ ನೋಟ್ಸ್ – 7: ಮಣ್ಣಲ್ಲಿ ಪಿಎಚ್‌ಡಿ ಯಾಕೆ ಅಂತ ಕೇಳಿದವರಿಗೆ

(1/6)
"ಮಗಾ, ಎಲ್ಲಾ ಬಿಟ್ಟು ಮಣ್ಣಲ್ಲಿ ಪಿಎಚ್‌ಡಿನಾ?" ಹೋದ ವಾರ ಈ ಕೋರ್ ಬಾಕ್ಸ್ ಫೋಟೋ ಸ್ಟೋರಿಗೆ ಹಾಕಿದ ಮೇಲೆ ನಮ್ಮ ಬ್ಯಾಚ್‌ನವರಿಂದ ಬಂದ ಮೆಸೇಜ್‌ಗಳೆಲ್ಲ ಹೆಚ್ಚುಕಮ್ಮಿ ಇದೇ. ಜೂನಿಯರ್ಸ್ ಬೇರೆ ಕೇಳ್ತಿದ್ದಾರೆ, ಸ್ಟ್ರಕ್ಚರ್ಸ್ ತಗೊಳ್ಳೋದಾ, ಜಿಯೋಟೆಕ್ ತಗೊಳ್ಳೋದಾ ಅಂತ. ಒಬ್ಬೊಬ್ಬರಿಗೆ ಟೈಪ್ ಮಾಡೋ ಬದಲು ಇಲ್ಲೇ ಬರೆದುಬಿಡ್ತೀನಿ.

ದುಡ್ಡಿನ ವಿಷಯ ಮೊದಲು ಮುಗಿಸೋಣ. ಗೇಟ್ ಪಾಸಾಗಿ ಎಂ.ಟೆಕ್ ಸೇರಿದ್ರೆ ತಿಂಗಳಿಗೆ 12,400 ರೂಪಾಯಿ. ಫೆಲೋಶಿಪ್ ಸಿಕ್ಕಿದ ಪಿಎಚ್‌ಡಿಯಲ್ಲಿ ಮೊದಲ ಎರಡು ವರ್ಷ 37,000, ಆಮೇಲೆ 42,000. ಐಟಿಗೆ ಹೋದವರ ಜೊತೆ ಹೋಲಿಸ್ಕೊಂಡ್ರೆ ನಿದ್ದೆ ಬರಲ್ಲ, ಅದಕ್ಕೆ ನಾನು ಹೋಲಿಸ್ಕೊಳ್ಳಲ್ಲ. ಮನೇಲಿ ಅಮ್ಮ ಇನ್ನೂ ನೆಂಟರಿಗೆ "ಓದ್ತಾ ಇದ್ದಾನೆ" ಅಂತಷ್ಟೇ ಹೇಳ್ತಾರೆ.

(2/6)
ನಿಜವಾದ ಕಾರಣ ಬೇರೆ ಇದೆ. ಇದನ್ನ ಇಲ್ಲಿವರೆಗೆ ಎಲ್ಲೂ ಬರೆದಿಲ್ಲ.

ಆರನೇ ಸೆಮ್ ಮುಗಿದ ಮೇಲೆ ಒಂದು ಮಣ್ಣು ಪರೀಕ್ಷೆ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಕೆಲಸ ಎಸ್‌ಪಿಟಿ. ಗೊತ್ತಿಲ್ಲದವರಿಗೆ ಹೇಳ್ತೀನಿ: ಬೋರ್ ಒಳಗೆ ಒಂದು ಕೊಳವೆ ಇಳಿಸಿ, 63.5 ಕೆ.ಜಿ. ಸುತ್ತಿಗೆಯನ್ನ 75 ಸೆಂ.ಮೀ. ಎತ್ತರದಿಂದ ಬೀಳಿಸಬೇಕು. ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ. ಮುಂದಿನ 30 ಸೆಂ.ಮೀ. ಇಳಿಯೋಕೆ ಎಷ್ಟು ಪೆಟ್ಟು ಬೇಕೋ ಅದೇ ಎನ್ ವ್ಯಾಲ್ಯೂ. ಅಡಿಪಾಯ ಎಷ್ಟು ಆಳ, ಎಷ್ಟು ಅಗಲ ಅನ್ನೋದೆಲ್ಲ ಆಮೇಲೆ ಆ ಅಂಕೆ ಮೇಲೆ ನಿಲ್ಲುತ್ತೆ.

ಆ ಸೈಟ್‌ನಲ್ಲಿ ನಾಲ್ಕು ಬೋರ್ ಹಾಕಬೇಕಿತ್ತು. ಮಳೆ ಶುರುವಾಯ್ತು, ರಿಗ್ ಬೇರೆ ಕಡೆ ಬೇಕಿತ್ತು, ಎರಡೇ ಹಾಕಿದ್ರು. ಉಳಿದ ಎರಡನ್ನ ಆಫೀಸಲ್ಲಿ ಕೂತು "ಪಕ್ಕದ ಬೋರ್ ನೋಡ್ಕೊಂಡು ಸ್ವಲ್ಪ ಹೆಚ್ಚುಕಮ್ಮಿ ಮಾಡಿ ತುಂಬು" ಅಂದ್ರು. ತುಂಬಿದೆ. 14, 17, 22, 31. ರಿಪೋರ್ಟ್‌ನಲ್ಲಿ ನನ್ನ ಸಹಿ ಇಲ್ಲ, ಆದ್ರೆ ಆ ಅಂಕೆಗಳನ್ನ ಟೈಪ್ ಮಾಡಿದ್ದು ನಾನೇ.

ಆ ಅಪಾರ್ಟ್‌ಮೆಂಟ್ ಇವತ್ತೂ ನೆಟ್ಟಗೆ ನಿಂತಿದೆ. ಯಾಕಂದ್ರೆ ನೆಲ ತಾಳೋ ಭಾರವನ್ನ ಎರಡೂವರೆಯಿಂದಲೋ ಮೂರರಿಂದಲೋ ಭಾಗಿಸಿ ಡಿಸೈನ್ ಮಾಡ್ತಾರೆ. ನಮ್ಮ ಸುಳ್ಳು ಆ ಮೂರರೊಳಗೆ ಕರಗಿಹೋಯ್ತು. ನೆಮ್ಮದಿ ಆಗಬೇಕಿತ್ತು, ಆಗಲಿಲ್ಲ.

(3/6)
ಸುರಂಗದಲ್ಲಿ ಹೀಗೆ ಕರಗಲ್ಲ. ಬಿಲ್ಡಿಂಗ್‌ಗೆ ಎಂ30 ಬೇಕಾ, ಎಂ40 ಬೇಕಾ ಅಂತ ನಾವು ಆರಿಸ್ತೀವಿ. ಸುರಂಗದಲ್ಲಿ ನೆಲವೇ ಸಾಮಗ್ರಿ, ಅದನ್ನ ಆರಿಸೋ ಹಾಗಿಲ್ಲ.

ನಮ್ಮ ಬೆಂಗಳೂರನ್ನೇ ತಗೊಳ್ಳಿ. ಲಾಲ್‌ಬಾಗ್ ಬಂಡೆ ಮೇಲೆ ಕೂತು ಫೋಟೋ ತೆಗೆಸ್ಕೊಂಡಿದ್ದೀವಲ್ಲ, ಅದು ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಅದೇ ಕಲ್ಲು ಬೇರೆ ಕಡೆ ಸವೆದು ಕೆಂಪು ಮಣ್ಣಾಗಿದೆ, ಮಧ್ಯೆ ಮಧ್ಯೆ ಗುಂಡುಕಲ್ಲು ಹಾಗೇ ಉಳಿದಿದೆ. ಸುರಂಗ ಕೊರೆಯೋ ಯಂತ್ರದ ಮುಖದ ಮೇಲರ್ಧಕ್ಕೆ ಮಣ್ಣು, ಕೆಳಗರ್ಧಕ್ಕೆ ಬಂಡೆ ಸಿಕ್ಕರೆ ಕಟ್ಟರ್‌ಗಳು ಮುರಿಯುತ್ತವೆ, ಮೇಲಿನ ಮಣ್ಣು ಕುಸಿಯುತ್ತೆ. ನಮ್ಮ ಮೆಟ್ರೋ ಮೊದಲ ಹಂತದಲ್ಲಿ ಗೋದಾವರಿ ಅನ್ನೋ ಯಂತ್ರ ತಿಂಗಳುಗಟ್ಟಲೆ ನೆಲದಡಿ ಸಿಕ್ಕಿಹಾಕ್ಕೊಂಡಿತ್ತು. ಮೇಲೆ ಅಂಗಡಿ, ಮನೆ, ಜನ.

ಸಿಲ್ಕ್ಯಾರಾ ನೆನಪಿದೆಯಾ? 2023ರ ನವೆಂಬರ್ 12, ದೀಪಾವಳಿ ದಿನ ಬೆಳಗ್ಗೆ ಉತ್ತರಾಖಂಡದ ಆ ಸುರಂಗ ಕುಸಿದು 41 ಜನ ಒಳಗೆ ಸಿಕ್ಕಿಬಿದ್ರು. ಹೊರಗೆ ಬಂದದ್ದು 17ನೇ ದಿನ. ಕೊರೆಯೋ ಯಂತ್ರ ಕೆಟ್ಟ ಮೇಲೆ ಕೊನೆಯ ಕೆಲವು ಮೀಟರ್ ಅಗೆದಿದ್ದು ಮನುಷ್ಯರ ಕೈ. ಹಾಸ್ಟೆಲ್ ಟಿವಿ ಮುಂದೆ ನಿಂತು ನೋಡ್ತಿದ್ದಾಗ ನನ್ನ ತಲೇಲಿ ಇದ್ದದ್ದು ಆ 14, 17, 22, 31.

(4/6)
"ಅದಕ್ಕೆ ಕಾಲೇಜಲ್ಲಿ ಕೂತ್ರೆ ಏನಾಗುತ್ತೆ, ಸೈಟ್‌ಗೆ ಹೋಗು" ಅಂತೀರಾ. ನ್ಯಾಯವಾದ ಪ್ರಶ್ನೆ. ರಾಲ್ಫ್ ಪೆಕ್ ಕಥೆ ಕೇಳಿ.

ಈತ ಡಾಕ್ಟರೇಟ್ ಮಾಡಿದ್ದು ತೂಗುಸೇತುವೆ ಮೇಲೆ. ಆಗ ಸೇತುವೆ ಕೆಲಸ ಸಿಗಲಿಲ್ಲ, ಮಣ್ಣಿನ ಕಡೆ ತಿರುಗಿದ. ಷಿಕಾಗೋದಲ್ಲಿ ಮೆದು ಜೇಡಿಮಣ್ಣಲ್ಲಿ ಸಬ್‌ವೇ ಅಗೀತಿದ್ರು. ಸಲಹೆಗಾರರು ಮಣ್ಣಿನ ಮೆಕ್ಯಾನಿಕ್ಸ್‌ನ ಪಿತಾಮಹ ಕಾರ್ಲ್ ಟೆರ್ಜಾಗಿ, ಅವರ ಪರವಾಗಿ ಸೈಟಲ್ಲಿ ಇದ್ದವನು ಈ ಪೆಕ್. ಸುರಂಗ ಎಷ್ಟು ಹಿಂಡಿತು, ಮೇಲಿನ ರಸ್ತೆ ಎಷ್ಟು ಕೂತಿತು ಅಂತ ಅಳೆದು ಬರೆದಿಡೋದು ಅವನ ಕೆಲಸ. 1942ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಸೇರಿ 1974ರವರೆಗೆ ಪಾಠ ಮಾಡಿದ. ಸುರಂಗದ ಮೇಲೆ ನೆಲ ಗಂಟೆಯಾಕಾರದಲ್ಲಿ ಕೂರುತ್ತೆ ಅಂತ ನಾವು ಬರೆಯೋ ಲೆಕ್ಕ ಅವನ 1969ರ ವರದಿಯಿಂದ ಹಬ್ಬಿದ್ದು. ಅಗೆಯುವಾಗಲೇ ಅಳೆಯುತ್ತಾ ಡಿಸೈನ್ ತಿದ್ದಿಕೊಳ್ಳೋ ವಿಧಾನಕ್ಕೆ ನಿಯಮ ಹಾಕಿಕೊಟ್ಟಿದ್ದೂ ಅದೇ ವರ್ಷದ ರ‍್ಯಾಂಕಿನ್ ಉಪನ್ಯಾಸದಲ್ಲಿ.

ನಮ್ಮಲ್ಲೂ ಇದೆ. ಕೆಜಿಎಫ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳ ಇಳಿದಿತ್ತು. ಅಲ್ಲಿ ಕಲ್ಲು ಒತ್ತಡಕ್ಕೆ ಸಿಡಿಯುತ್ತಿತ್ತು, ಕಾರ್ಮಿಕರು ಸಾಯುತ್ತಿದ್ದರು. ಆ ಸಿಡಿತ ಅಳೆದ ಅನುಭವ ಇದ್ದ ಊರಲ್ಲೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ ಶುರುವಾಯ್ತು.

ಅಂದ್ರೆ ಈ ವಿಷಯದಲ್ಲಿ ಸೈಟ್ ಬೇರೆ, ಕಾಲೇಜು ಬೇರೆ ಅಂತ ಇರಲೇ ಇಲ್ಲ. ನಾವು ಬೇರೆ ಮಾಡಿದ್ದು.

(5/6)
ಈಗ ನಮ್ಮವರನ್ನೂ ಬೈಬೇಕು. ಲೈಬ್ರರಿಗೆ ಹೋಗಿ ಹಳೇ ಎಂ.ಟೆಕ್ ಥೀಸಿಸ್ ತೆಗೀರಿ. ಮಣ್ಣಿಗೆ 5 ಪರ್ಸೆಂಟ್ ಹಾರುಬೂದಿ, 10 ಪರ್ಸೆಂಟ್, 15 ಪರ್ಸೆಂಟ್. ಮುಂದಿನ ವರ್ಷ ಬೂದಿ ಬದಲು ತೆಂಗಿನ ನಾರು. ಯಾಕಂದ್ರೆ ಅದಕ್ಕೆ ಲ್ಯಾಬ್ ಸಾಕು, ಪೇಪರ್ ಬೇಗ ಆಗುತ್ತೆ. ಸುರಂಗದಲ್ಲಿ ಎರಡು ವರ್ಷ ಅಳೆದ್ರೆ ಒಂದು ಪೇಪರ್, ಅದೂ ಗುತ್ತಿಗೆದಾರರು ಒಪ್ಪಿದ್ರೆ.

ನನ್ನ ಪಾಡೂ ಹೇಳ್ತೀನಿ. ನನ್ನ ಥೀಸಿಸ್‌ಗೆ ಬೇರೆಯವರು ಕೊಟ್ಟ ಅರವತ್ತು ಬೋರ್ ಲಾಗ್ ಇವೆ. ಪ್ರತಿ ಸಲ ಫೈಲ್ ತೆರೆದಾಗ ಒಂದೇ ಯೋಚನೆ: ಇದರಲ್ಲಿ ಎಷ್ಟು ನೆಲದಿಂದ ಬಂದದ್ದು, ಎಷ್ಟು ನನ್ನಂಥ ಇಂಟರ್ನ್ ಟೇಬಲ್ ಮೇಲೆ ತುಂಬಿದ್ದು?

ನನ್ನ ಅಭಿಪ್ರಾಯ ಇಷ್ಟು. ಒಂದು, ಸರ್ಕಾರಿ ದುಡ್ಡಲ್ಲಿ ಹಾಕಿದ ಪ್ರತಿ ಬೋರ್‌ನ ದಾಖಲೆ, ಕೋರ್ ಫೋಟೋ ಸಮೇತ, ಎಲ್ಲರಿಗೂ ಸಿಗಬೇಕು. ಬ್ರಿಟಿಷ್ ಜಿಯಾಲಾಜಿಕಲ್ ಸರ್ವೆ ಹತ್ತು ಲಕ್ಷಕ್ಕೂ ಹೆಚ್ಚು ಬೋರ್ ದಾಖಲೆಗಳನ್ನ ಆನ್‌ಲೈನ್‌ನಲ್ಲಿ ಫ್ರೀಯಾಗಿ ಇಟ್ಟಿದೆ. "ಕಂಪನಿ ಗುಟ್ಟು" ಅಂತೀರಾ? ಅಲ್ಲಿ ಕಂಪನಿಗಳು ಇಲ್ವಾ? ನಾಲ್ಕು ಜನ ನೋಡ್ತಾರೆ ಅಂತ ಗೊತ್ತಿದ್ರೆ ಟೇಬಲ್ ಮೇಲೆ ಬೋರ್ ಹಾಕೋದು ಅಷ್ಟು ಸುಲಭ ಅಲ್ಲ. ಎರಡು, ಭೂಗತ ಕಾಮಗಾರಿ ಮೇಲೆ ಪಿಎಚ್‌ಡಿ ಮಾಡೋರಿಗೆ ಕನಿಷ್ಠ ಆರು ತಿಂಗಳು ಸೈಟ್ ಕಡ್ಡಾಯ ಆಗಲಿ, ಮೇಷ್ಟ್ರುಗಳ ಬಡ್ತಿಗೂ ಅದು ಲೆಕ್ಕಕ್ಕೆ ಬರಲಿ. ಮೂರು, ಕುಸಿದದ್ದನ್ನ ಬರೆದ ಪೇಪರ್‌ಗೆ ಗೆದ್ದದ್ದನ್ನ ಬರೆದ ಪೇಪರ್‌ನಷ್ಟೇ ಬೆಲೆ ಇರಲಿ.

(6/6)
ಜೂನಿಯರ್ಸ್‌ಗೆ: ಸಂಬಳಕ್ಕೋಸ್ಕರ ಈ ಕಡೆ ಬರಬೇಡಿ. ಫಾರ್ಮುಲಾ ಇಷ್ಟ ಅಂತಲೂ ಬರಬೇಡಿ, ಮಣ್ಣು ಫಾರ್ಮುಲಾ ಕೇಳಲ್ಲ. ಮಳೇಲಿ ರಿಗ್ ಪಕ್ಕ ನಿಂತು ಪೆಟ್ಟು ಎಣಿಸೋ ತಾಳ್ಮೆ ಇದ್ರೆ ಬನ್ನಿ. "ಇದು ಸಾಲದು, ಇನ್ನೊಂದು ಬೋರ್ ಹಾಕಿ" ಅನ್ನೋ ಮಾತನ್ನ ಕೆಲಸ ಕಳ್ಕೊಳ್ಳೋ ಭಯ ಇಲ್ಲದೆ ಹೇಳೋಕೆ ಆಗೋ ಜಾಗ ಕಮ್ಮಿ. ಕಾಲೇಜು ಅಂಥ ಒಂದು ಜಾಗ ಆಗಬಹುದು, ನಾವು ಮಾಡಿದ್ರೆ.

ನಮ್ಮ ಬ್ಯಾಚ್‌ನವರಿಗೆ: ನಿಮ್ಮಲ್ಲಿ ಎಷ್ಟೋ ಜನ ಈಗ ಸೈಟ್ ಎಂಜಿನಿಯರ್ಸ್. ಮುಂದಿನ ಸಲ ಯಾರಾದ್ರೂ "ಪಕ್ಕದ್ದು ನೋಡಿ ತುಂಬು" ಅಂದ್ರೆ, ಆ ಕಾಲಂ ಖಾಲಿ ಬಿಡಿ. "ಪರೀಕ್ಷೆ ಮಾಡಿಲ್ಲ" ಅಂತ ಬರೀರಿ. ಖಾಲಿ ಕಾಲಂ ನೋಡಿದವನು ಇನ್ನೊಂದು ಬೋರ್ ಕೇಳ್ತಾನೆ. 22 ಅಂತ ಇದ್ರೆ ನಂಬಿಬಿಡ್ತಾನೆ.

ಇಂಥದ್ದು ನಿಮಗೂ ಆಗಿದ್ರೆ ಡಿಎಂ ಮಾಡಿ, ಹೆಸರು ಎಲ್ಲೂ ಬರಲ್ಲ. ಭಾಗ 8ರಲ್ಲಿ ಕೋರ್ ಬಾಕ್ಸ್ ಓದೋದು ಹೇಗೆ ಅಂತ ತೋರಿಸ್ತೀನಿ.

#ನೆಲದಡಿನೋಟ್ಸ್ #ಜಿಯೋಟೆಕ್ #ಸುರಂಗ #ಸಿವಿಲ್‌ಹುಡುಗರು