ಮೆಲ್ಲಗೆ ಹೇಳಿದರೂ ಕೇಳಿಸುತ್ತೆ

ಅಪ್ರೈಸಲ್ ದಿನ ಮ್ಯಾನೇಜರ್ ಹೇಳಿದ್ದು ಇಷ್ಟೇ: "ಕೆಲಸ ಚೆನ್ನಾಗಿ ಮಾಡ್ತೀರಿ. ಆದ್ರೆ ಮೀಟಿಂಗ್‌ನಲ್ಲಿ ನೀವು ಇದ್ದೀರೋ ಇಲ್ವೋ ಅಂತಾನೇ ಗೊತ್ತಾಗಲ್ಲ." ಅದಕ್ಕೂ ನಾನು ಸುಮ್ನೆ ತಲೆಯಾಡಿಸಿ ಹೊರಗೆ ಬಂದೆ!

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಗೆಳೆಯನೊಬ್ಬ ಯಾವತ್ತೋ ಕಳಿಸಿದ್ದ ಆಲ್ಬಂ ಒಂದು ಫೋನಿನಲ್ಲಿ ಹಾಗೇ ಬಿದ್ದಿತ್ತು. ಹೆಡ್‌ಫೋನ್ ಹಾಕ್ಕೊಂಡೆ. ಆಲ್ಬಂ ಹೆಸರು 'ಕಲಾಸಲ್ ಯೂತ್', ಬ್ಯಾಂಡ್ 'ಯಂಗ್ ಮಾರ್ಬಲ್ ಜೈಂಟ್ಸ್'. ವೇಲ್ಸ್‌ನ ಕಾರ್ಡಿಫ್ ಊರಿನ ಮೂವರು ಸೇರಿ ಮಾಡಿದ್ದು. ಹಾಡುವುದು ಆ್ಯಲಿಸನ್ ಸ್ಟ್ಯಾಟನ್, ಗಿಟಾರ್ ಮತ್ತು ಆರ್ಗನ್ ಸ್ಟುವರ್ಟ್ ಮಾಕ್ಸಮ್, ಬೇಸ್ ಅವರ ಸಹೋದರ ಫಿಲಿಪ್. 1980ರಲ್ಲಿ ರಫ್ ಟ್ರೇಡ್ ಕಂಪನಿಯಿಂದ ಬಂತು.

ಆಗ ಬ್ರಿಟನ್‌ನಲ್ಲಿ ಪಂಕ್ ರಾಕ್‌ನ ಅಬ್ಬರ ಇನ್ನೂ ಆರಿರಲಿಲ್ಲ. ಅದರ ನಡುವೆ ಈ ಮೂವರು ವಾಲ್ಯೂಮ್ ಇಳಿಸಿದರು. ಡ್ರಮ್ಮರ್ ಇಲ್ಲ, ಬದಲಿಗೆ ಟಿಕ್ ಟಿಕ್ ಅನ್ನುವ ಡ್ರಮ್ ಮಷೀನ್. ಸ್ಟೇಜ್ ಮೇಲೂ ಅದನ್ನು ಟೇಪ್‌ನಿಂದಲೇ ನುಡಿಸುತ್ತಿದ್ದರು. ಗಿಟಾರ್ ತಂತಿಗಳನ್ನು ಅಂಗೈಯಿಂದ ಅದುಮಿ ನುಡಿಸುವುದರಿಂದ ದನಿ ಮೊಳಗುವುದಿಲ್ಲ, ಚುಟುಕಾಗಿ ನಿಂತುಬಿಡುತ್ತೆ. ರಾಗವನ್ನು ಹೆಚ್ಚಾಗಿ ಬೇಸ್ ಹೊತ್ತು ನಡೆಯುತ್ತೆ. ಆ್ಯಲಿಸನ್ ಹಾಡುವುದಂತೂ ಅಡುಗೆಮನೆಯಲ್ಲಿ ಪಾತ್ರೆ ತೊಳೀತಾ ತಮಗೆ ತಾವೇ ಗುನುಗಿಕೊಂಡ ಹಾಗಿದೆ.

ಮೊದಲ ಸಲ ಕೇಳಿದಾಗ 'ಇದೇನು, ಡೆಮೋನಾ?' ಅನ್ನಿಸಿತು. ಎರಡನೇ ಸಲಕ್ಕೆ ಅರ್ಥವಾಯ್ತು. ಇಲ್ಲಿ ಅಡಗಿಕೊಳ್ಳೋಕೆ ಜಾಗವೇ ಇಲ್ಲ! ದೊಡ್ಡ ಸದ್ದಿನ ಹಾಡಿನಲ್ಲಿ ಒಂದು ತಪ್ಪು ಸ್ವರ ಮುಚ್ಚಿಹೋಗುತ್ತೆ. ಇಲ್ಲಿ ಮೂರೇ ದನಿ, ಸುತ್ತ ಖಾಲಿ. ಪ್ರತಿ ಸ್ವರವೂ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು.

ಎದೆಗೆ ಚುಚ್ಚಿದ್ದು ಅದೇ. ಎರಡು ತಿಂಗಳ ಹಿಂದೆ ನಮ್ಮ ಟೀಮಿನ ರಿಲೀಸ್ ಒಂದು ಕೆಟ್ಟಿತು. ಆ ಬಗ್‌ನ ಸುಳಿವು ನನಗೆ ಹಿಂದಿನ ದಿನವೇ ಸಿಕ್ಕಿತ್ತು. ಕಾಲ್‌ನಲ್ಲಿ ಎಲ್ಲರೂ ಜೋರಾಗಿ ಮಾತಾಡ್ತಿದ್ರು, ನಾನು ಮ್ಯೂಟ್‌ನಲ್ಲೇ ಉಳಿದೆ. ಮೂವರು ಶನಿವಾರ, ಭಾನುವಾರ ಕೂತು ಸರಿಮಾಡಿದರು. ಅವರಲ್ಲೊಬ್ಬಳು ಮಗಳ ಹುಟ್ಟುಹಬ್ಬ ಬಿಟ್ಟು ಬಂದಿದ್ದಳು. ಇಷ್ಟು ದಿನ 'ನಾನು ಮಿತಭಾಷಿ' ಅಂತ ಹೇಳ್ಕೊಂಡಿದ್ದೆ. ಅದು ಮಿತಭಾಷೆಯಲ್ಲ, ಬಚ್ಚಿಟ್ಟುಕೊಳ್ಳೋದು.

ಮೆಲ್ಲಗಿನ ದನಿ ದೂರ ಹೋಗಲ್ಲ ಅಂತೀರಾ? ಈ ಬ್ಯಾಂಡ್ ಮಾಡಿದ್ದು ಒಂದೇ ಸ್ಟುಡಿಯೋ ಆಲ್ಬಂ. ಅದು ಬಂದ ಸ್ವಲ್ಪ ಕಾಲಕ್ಕೇ ಮೂವರೂ ಬೇರೆಯಾದರು. ಆದರೂ ಕಿವಿಗಡಚಿಕ್ಕುವ ರಾಕ್‌ಗೆ ಹೆಸರಾದ 'ನಿರ್ವಾಣ' ಬ್ಯಾಂಡ್‌ನ ಕರ್ಟ್ ಕೊಬೈನ್ ತಮ್ಮ ಮೆಚ್ಚಿನ ಆಲ್ಬಂಗಳ ಪಟ್ಟಿಯಲ್ಲಿ ಇದನ್ನು ಬರೆದಿಟ್ಟಿದ್ದರು. ಅವರ ಪತ್ನಿ ಕೋರ್ಟ್ನಿ ಲವ್ ಅವರ 'ಹೋಲ್' ಬ್ಯಾಂಡ್ 1994ರ ಆಲ್ಬಂನಲ್ಲಿ ಇದರದೇ ಒಂದು ಹಾಡನ್ನು ಮತ್ತೆ ಹಾಡಿತು.

ಕಳೆದ ಗುರುವಾರದ ಕಾಲ್‌ನಲ್ಲಿ ಅನ್‌ಮ್ಯೂಟ್ ಮಾಡಿದೆ. "ಈ ಡೇಟ್‌ಗೆ ಆಗಲ್ಲ. ಟೆಸ್ಟಿಂಗ್‌ಗೆ ಇನ್ನೂ ಎರಡು ದಿನ ಬೇಕು." ಅಷ್ಟೇ. ದನಿ ಏರಿಸಲಿಲ್ಲ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಎರಡು ದಿನ ಕೇಳಿದ್ದಕ್ಕೆ ಒಂದೇ ದಿನ ಸಿಕ್ಕಿತು ಅನ್ನಿ!

ಇವತ್ತು ರಾತ್ರಿ ಫ್ಯಾನ್ ಆಫ್ ಮಾಡಿ ಒಮ್ಮೆ ಕೇಳಿ ನೋಡಿ. ಆದರೆ ಟ್ರಾಫಿಕ್‌ನಲ್ಲಿ ಬೇಡ, ಏನೂ ಕೇಳಿಸಲ್ಲ.