ಬ್ರಿಟನ್ನಿನ ಸಾಲುಮನೆಗಳು: ಹಳೆಯ ಗೋಡೆಗೆ ಹೊಸ ಹೊದಿಕೆ

ವಿಕ್ಟೋರಿಯಾ ರಾಣಿಯ ಕಾಲದ ಇಟ್ಟಿಗೆಯ ಸಾಲುಮನೆಗಳು ಬ್ರಿಟನ್ನಿನಲ್ಲಿ ಇಂದಿಗೂ ಲಕ್ಷಗಟ್ಟಲೆ ಇವೆ. ಅವುಗಳನ್ನು ಕೊಂಡು ನೆಲೆಸಿದವರಲ್ಲಿ ನಮ್ಮವರ ಮಕ್ಕಳೂ ಇದ್ದಾರೆ. ಒಂಬತ್ತು ಅಂಗುಲದ ಗಟ್ಟಿಗೋಡೆ, ಸುಣ್ಣದ ಗಾರೆ. ಶಾಖ ಸುಲಭವಾಗಿ ಹೊರಹೋಗುವುದರಿಂದ ಚಳಿಗಾಲವಿಡೀ ಅನಿಲ ಉರಿಸಬೇಕು. ಈ ಇಂಗಾಲವನ್ನು ತಗ್ಗಿಸಲೆಂದೇ ಸರಕಾರ ಗೋಡೆಗಳಿಗೆ ಶಾಖನಿರೋಧಕ ಹೊದಿಕೆ ಹಾಕಿಸತೊಡಗಿತು.

ಫಲವೇನು? ಇಂತಹ ಎರಡು ಯೋಜನೆಗಳಲ್ಲಿ ಹೊರಹೊದಿಕೆ ಪಡೆದ ಮನೆಗಳ ಪೈಕಿ ಶೇ. 98ರಲ್ಲಿ, ಅಂದರೆ 22ರಿಂದ 23 ಸಾವಿರ ಮನೆಗಳಲ್ಲಿ, ಗಂಭೀರ ದೋಷಗಳಿವೆಯೆಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2025ರ ಅಕ್ಟೋಬರ್‌ನಲ್ಲಿ ವರದಿಯಿತ್ತಿತು. ಇವೆಲ್ಲವೂ ಹಳೆಯ ಸಾಲುಮನೆಗಳಲ್ಲ. ಆದರೆ ಅಪಾಯ ಅವಕ್ಕೇ ಹೆಚ್ಚು. ಸುಣ್ಣದ ಗೋಡೆ ತೇವವನ್ನು ಹೀರಿ ಹೊರಬಿಡುತ್ತಿರಬೇಕು. ಅದರ ಮೇಲೆ ಆವಿ ದಾಟದ ಪದರವನ್ನು ಅಂಟಿಸಿ, ಕಿಟಕಿಯ ಅಂಚು, ಸೂರಿನ ಸಂದುಗಳನ್ನು ಅರೆಬರೆ ಮುಚ್ಚಿದರೆ ಒಳಸೇರಿದ ಮಳೆನೀರು ಅಲ್ಲೇ ನಿಂತು ಗೋಡೆಗೆ ಬೂಷ್ಟು ಹಿಡಿಯುತ್ತದೆ. ಇದು ವಿಜ್ಞಾನದ ಸೋಲಲ್ಲ, ಮೇಲ್ವಿಚಾರಣೆಯ ಸೋಲು.

ತೆರಿಗೆಯ ನೀತಿಯೂ ವಿಚಿತ್ರವೇ. ಹೊಸ ಮನೆ ಕಟ್ಟಲು ಮೌಲ್ಯವರ್ಧಿತ ತೆರಿಗೆ ಸೊನ್ನೆ. ಹಳೆಯ ಮನೆಯ ಹಿಂಬದಿಗೆ ಒಂದು ಅಡುಗೆಕೋಣೆ ಸೇರಿಸಿದರೆ ಸಾಮಾನ್ಯವಾಗಿ ಶೇ. 20. ಶಾಖನಿರೋಧಕಗಳ ಅಳವಡಿಕೆಗೆ ಕೊಟ್ಟಿರುವ ಶೂನ್ಯ ತೆರಿಗೆಯ ಗಡುವು 2027ರ ಮಾರ್ಚ್ 31.